ಮರಣದ ಕಾರಣವೆಂದರೇನು? : ಮುಂಬಯಿ ಬಂದರಿನಿಂದ ಒಂದು ಪಾಠ

ನಗರಸಭೆಯ ಮರಣ ದಾಖಲೆ ಪುಸ್ತಕದಲ್ಲಿ ಮೃತನ ಹೆಸರು, ವಯಸ್ಸು, ವಾಸಸ್ಥಳಗಳ ಜೊತೆಗೆ ‘ಮರಣದ ಕಾರಣ’ ಎಂಬುದೂ ಒಂದು ಅಂಕಣ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮುಂಬಯಿಯಲ್ಲಿ, ಆ ಅಂಕಣದಲ್ಲಿ ಪ್ಲೇಗು, ಕ್ಷಯ, ಅತಿಸಾರ ಮುಂತಾದ ಹೆಸರುಗಳಿರುತ್ತಿದ್ದವು. ಅನೇಕ ವೇಳೆ ಬರಿಯ ‘ಜ್ವರ’ ಎಂದಿರುತ್ತಿತ್ತು. ಜ್ವರವು ರೋಗದ ಲಕ್ಷಣವೇ ಹೊರತು ಕಾರಣವಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹಾಗಾದರೆ ‘ಪ್ಲೇಗು’ ಎಂದು ಬರೆದ ಮಾತ್ರಕ್ಕೆ ಕಾರಣವನ್ನು ಪೂರ್ತಿಯಾಗಿ ಹೇಳಿದಂತಾಯಿತೇ? ಆ ಬಂದರಿನ ಇತಿಹಾಸವನ್ನೇ ಸಾಕ್ಷಿಯಾಗಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಎಂಬ ಬಡಾವಣೆಯಲ್ಲಿ ವೈದ್ಯ ಅಕೇಸಿಯೋ ವಿಯೇಗಾಸರು ಪ್ಲೇಗನ್ನು ಗುರುತಿಸಿದರು. ಮಾಂಡವಿಯು ಹಡಗುಕಟ್ಟೆಯ ಸಮೀಪದಲ್ಲಿದ್ದು, ದವಸಧಾನ್ಯಗಳ ಮಳಿಗೆಗಳಿಂದ ತುಂಬಿತ್ತು. ರೋಗದ ಸೂಕ್ಷ್ಮಜೀವಿಯನ್ನು ಎರಡು ವರ್ಷಗಳ ಹಿಂದೆಯೇ, 1894ರಲ್ಲಿ, ಹಾಂಗ್‌ಕಾಂಗ್ ಬಂದರಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಕಂಡುಹಿಡಿದಿದ್ದನು. ಆದರೆ ಅದು ಒಬ್ಬರಿಂದೊಬ್ಬರಿಗೆ ಹೇಗೆ ಹರಡುವುದೆಂಬುದು ತಿಳಿದಿರಲಿಲ್ಲ. ಕೊಳೆಯೇ ರೋಗದ ಮೂಲವೆಂದು ಬಗೆದು ಚರಂಡಿಗಳನ್ನು ತೊಳೆಸಿದರು. ಮನೆಗಳಿಗೆ ಕಾರ್ಬಾಲಿಕ್ ದ್ರಾವಣವನ್ನು ಚಿಮುಕಿಸಿದರು. ರೋಗಿಗಳನ್ನು ಬಲಾತ್ಕಾರದಿಂದ ಆಸ್ಪತ್ರೆಗೆ ಸಾಗಿಸಿದರು. ಪ್ಲೇಗು ನಿಲ್ಲಲಿಲ್ಲ. 1891ರಲ್ಲಿ 8,21,764 ಇದ್ದ ನಗರದ ಜನಸಂಖ್ಯೆಯು 1901ರಲ್ಲಿ 7,76,006ಕ್ಕೆ ಇಳಿಯಿತು. ಸತ್ತವರ ಜೊತೆಗೆ, ಹೆದರಿ ಊರು ಬಿಟ್ಟವರೂ ಈ ಇಳಿತಕ್ಕೆ ಕಾರಣರು.

ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂಬುದನ್ನು 1898ರಲ್ಲಿ ಕರಾಚಿಯಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಪ್ರಯೋಗದಿಂದ ತೋರಿಸಿದನು. ಆಗ ಅದನ್ನು ನಂಬಿದವರು ಕೆಲವರೇ. 1905ರಿಂದ ಮುಂಬಯಿಯ ಪರೇಲ್ ಪ್ರಯೋಗಶಾಲೆಯಲ್ಲಿ ನಡೆದ ಪ್ರಯೋಗಗಳು ಸಂಶಯವನ್ನು ನಿವಾರಿಸಿದವು. ಅವುಗಳಲ್ಲಿ ಒಂದು ಬಹು ಸರಳವಾದುದು. ಪ್ಲೇಗು ಸೋಂಕಿದ ಸ್ಥಳದಲ್ಲಿ ಗಿನಿಪಿಗ್ಗುಗಳ ಪಂಜರಗಳನ್ನು ತೂಗುಹಾಕಿದರು. ನೆಲದಿಂದ 2 ಅಂಗುಲ ಮೇಲಿದ್ದ ಪಂಜರದ ಪ್ರಾಣಿಗಳಿಗೆ ರೋಗ ತಗುಲಿತು. 2 ಅಡಿ ಮೇಲಿದ್ದವು ಪಾರಾದವು. ಎರಡೂ ಉಸಿರಾಡಿದ್ದು ಒಂದೇ ಗಾಳಿಯನ್ನು. ಆದುದರಿಂದ ಗಾಳಿಯು ರೋಗವನ್ನು ತರಲಿಲ್ಲ. ಅಷ್ಟೆತ್ತರಕ್ಕೆ ನೆಗೆಯಲಾರದ ಚಿಗಟವೇ ತಂದಿರಬೇಕು. ಧಾನ್ಯದ ಮಳಿಗೆಯಲ್ಲಿ ಇಲಿ, ಇಲಿಯ ಮೇಲೆ ಚಿಗಟ, ಮಳಿಗೆಯ ಮಗ್ಗುಲಲ್ಲೇ ಕಿಕ್ಕಿರಿದ ಮನೆಗಳು: ಕಾರಣವೆಂಬುದು ಹೀಗೆ ಒಂದು ಸರಪಣಿಯಾಗಿತ್ತು.

ಮಲೇರಿಯದ ಸರಪಣಿಯೇ ಬೇರೆ. 1911ರಲ್ಲಿ ಪ್ರಕಟವಾದ ಬೆಂಟ್ಲಿಯವರ ವರದಿಯು ಮನೆಯಂಗಳದ ಬಾವಿಗಳತ್ತ ಬೆರಳು ತೋರಿಸಿತು. ಅಲ್ಲಿ ರೋಗವನ್ನು ಹರಡುತ್ತಿದ್ದ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯು ಮೊಟ್ಟೆಯಿಡುತ್ತಿದ್ದುದು ಚರಂಡಿಯ ಕೊಳೆನೀರಿನಲ್ಲಲ್ಲ, ಬಾವಿಯ ತಿಳಿನೀರಿನಲ್ಲಿ. ಚರಂಡಿಯನ್ನೆಷ್ಟು ತೊಳೆದರೂ ಈ ರೋಗ ತಗ್ಗುವಂತಿರಲಿಲ್ಲ. ಬಾವಿಗಳನ್ನು ಮುಚ್ಚಬೇಕೆಂಬ ಸಲಹೆಯನ್ನು ಧಾರ್ಮಿಕ ಭಾವನೆಯಿಂದ ಕೆಲವರು ವಿರೋಧಿಸಿದರು. ಕಾರಣವು ತಿಳಿದೊಡನೆ ಪರಿಹಾರವು ಕೈಗೂಡುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

1918ರ ಜೂನ್ ತಿಂಗಳಲ್ಲಿ ಇನ್‌ಫ್ಲುಯೆನ್ಸಾ ಈ ಬಂದರಿನಲ್ಲಿ ಕಾಣಿಸಿಕೊಂಡಿತು. ಮೊದಲು ಆಸ್ಪತ್ರೆ ಸೇರಿದವರಲ್ಲಿ ಹಡಗುಕಟ್ಟೆಯ ಕಾವಲಿನ ಪೊಲೀಸರೂ ಇದ್ದರು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಮರಣಗಳು ದಾಖಲಾದವು. ಈ ರೋಗಕ್ಕೆ ಇಲಿಯೂ ಬೇಡ, ಬಾವಿಯೂ ಬೇಡ, ಉಸಿರಿನಿಂದಲೇ ಹರಡುವುದು. ಆದರೂ ಅದು ಎಲ್ಲರನ್ನೂ ಸಮನಾಗಿ ಕಾಣಲಿಲ್ಲ. ಐರೋಪ್ಯರಲ್ಲಿ ಸಾವಿರಕ್ಕೆ 8.3 ಮಂದಿ ಸತ್ತರೆ, ಕೆಳಜಾತಿಯವರೆಂದು ಅಂದಿನ ವರದಿಯು ಹೆಸರಿಸಿದ ಹಿಂದುಗಳಲ್ಲಿ 61.6 ಮಂದಿ ಸತ್ತರು. ವೈರಸ್ ಒಂದೇ, ನಗರ ಒಂದೇ. ಆದರೆ ಮನೆ, ಆಹಾರ, ಆರೈಕೆಗಳು ಒಂದೇ ಆಗಿರಲಿಲ್ಲ.

ಇನ್ನು ಶಿಶುಮರಣದ ಲೆಕ್ಕವನ್ನು ನೋಡೋಣ. 1921ರಲ್ಲಿ ಮುಂಬಯಿಯ ಒಂದೇ ಕೋಣೆಯ ವಸತಿಗಳಲ್ಲಿ ಸಾವಿರ ಜನನಗಳಿಗೆ 828 ಶಿಶುಗಳ ಮರಣ ದಾಖಲಾಯಿತು. ಎರಡು ಕೋಣೆಗಳಲ್ಲಿ 322, ಮೂರರಲ್ಲಿ 191, ನಾಲ್ಕು ಅಥವಾ ಹೆಚ್ಚು ಕೋಣೆಗಳಲ್ಲಿ 133. ಇಲ್ಲಿ ವಿದ್ಯಾರ್ಥಿಯು ಎಚ್ಚರದಿಂದಿರಬೇಕು. ಗಿರಣಿಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳ ಅನೇಕ ಹೆಂಗಸರು ಹೆರಿಗೆಗೆ ತಮ್ಮ ಹಳ್ಳಿಗೆ ಹೋಗಿ, ಮಗುವಿನೊಡನೆ ಮರಳುತ್ತಿದ್ದರು. ಆ ಮಗು ಸತ್ತರೆ ಮರಣವು ಮುಂಬಯಿಯ ಲೆಕ್ಕಕ್ಕೆ ಸೇರುವುದು, ಜನನವು ಸೇರದು. ಭಾಜಕವು ಕಿರಿದಾದಷ್ಟೂ ಭಾಗಲಬ್ಧವು ಹಿರಿದಾಗುವುದಷ್ಟೆ! ಆದಕಾರಣ 828 ಎಂಬುದನ್ನು ಅಕ್ಷರಶಃ ಸ್ವೀಕರಿಸಲಾಗದು. ಆದರೆ ಕೋಣೆಗಳು ಹೆಚ್ಚಿದಂತೆ ಸಾವು ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುವುದು ಕಡೆಗಣಿಸತಕ್ಕ ವಿಷಯವಲ್ಲ. ಕೋಣೆಯ ಗೋಡೆಗಳು ತಾವಾಗಿಯೇ ಕೊಲ್ಲಲಿಲ್ಲ. ಇಕ್ಕಟ್ಟು, ಬಡತನ, ತಾಯಿಯ ದುಡಿತ, ಕೆಟ್ಟ ಹಾಲು ನೀರುಗಳೆಲ್ಲವೂ ಆ ಒಂದು ಕೋಣೆಯಲ್ಲಿ ಕೂಡಿದ್ದವು.

ಮುಂಬಯಿಯಿಂದ ಹೊರಟ ಪ್ಲೇಗು ಕನ್ನಡನಾಡನ್ನೂ ಬಿಡಲಿಲ್ಲ. 1898ರಲ್ಲಿ ಅದು ಹುಬ್ಬಳ್ಳಿ, ಬೆಂಗಳೂರುಗಳನ್ನು ಪೀಡಿಸಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಬಿಡಿಸಲು ಬಸವನಗುಡಿ, ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳು ಬೆಳೆದವು. ಅದೇ ವರ್ಷ ಸ್ಥಾಪಿತವಾದ ಮುಂಬಯಿಯ ನಗರ ಸುಧಾರಣಾ ಟ್ರಸ್ಟು ಕಿಕ್ಕಿರಿದ ಮನೆಗಳನ್ನು ಕೆಡವಿತು. ಆದರೆ ಮೊದಮೊದಲು ಕೆಡವಿದಷ್ಟು ಮನೆಗಳನ್ನು ಕಟ್ಟಲಿಲ್ಲ. ನೆಲೆ ತಪ್ಪಿದವರು ಪಕ್ಕದ ಬೀದಿಗಳಲ್ಲಿ ಇನ್ನಷ್ಟು ಒತ್ತಾಗಿ ಸೇರಿಕೊಂಡರು.

ಸೂಕ್ಷ್ಮಜೀವಿಯಿಲ್ಲದೆ ಈ ರೋಗಗಳಿಲ್ಲ, ನಿಜ. ಅದನ್ನು ಹುಡುಕುವುದು ಪ್ರಯೋಗಶಾಲೆಯ ಕೆಲಸ. ಆದರೆ ಅದು ಯಾರನ್ನು ಮುಟ್ಟುವುದು, ಎಷ್ಟು ಮಂದಿಯನ್ನು ಕೊಲ್ಲುವುದು ಎಂಬುದನ್ನು ಮಳಿಗೆ, ಬಾವಿ, ಕೋಣೆ, ಕೂಲಿಗಳೂ ನಿರ್ಧರಿಸುತ್ತವೆ. ಮರಣದ ಪಟ್ಟಿಯನ್ನು ಓದುವಾಗ ‘ಯಾವ ರೋಗ?’ ಎಂಬ ಪ್ರಶ್ನೆಯೊಡನೆ ‘ಯಾರಿಗೆ, ಎಲ್ಲಿ, ಏಕೆ?’ ಎಂಬುದನ್ನೂ ಕೇಳುವವನೇ ಅದನ್ನು ಸರಿಯಾಗಿ ಓದಿದವನು.