ಹೊಸ ಮೇಕಪ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ



ಗೌರಿ ಹಬ್ಬ ಹತ್ತಿರ ಬಂದಂತೆ ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ ಒಂದೇ ಮಾತು. ಯಾವ ಕಂಪನಿ ಹೊಸ ಲಿಪ್‌ಸ್ಟಿಕ್ ಬಿಟ್ಟಿದೆ, ಯಾವುದಕ್ಕೆ ಎಷ್ಟು ರಿಯಾಯಿತಿ, ಯಾವ ಬಣ್ಣ ಆಗಲೇ ಖಾಲಿ. ಪುಣೆಯವರು ತುಳಶೀಬಾಗಿಗೆ ಹೋಗುತ್ತಾರೆ, ಮುಂಬೈಯವರು ದಾದರ್ ಅಥವಾ ಕ್ರಾಫರ್ಡ್ ಮಾರ್ಕೆಟ್‌ಗೆ, ಚೆನ್ನೈಯವರು ಟಿ. ನಗರಕ್ಕೆ, ಹೈದರಾಬಾದಿನವರು ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿಗೆ, ದೆಹಲಿಯವರು ಸದರ್ ಬಜಾರಿಗೆ. ಹೋಗಲಾಗದವರಿಗೆ ಫೋನಿನಲ್ಲೇ ಅಂಗಡಿ ಇದೆ.

ಸಿಂಗರಿಸಿಕೊಳ್ಳಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಹಬ್ಬಕ್ಕೆ ಹೊಸ ಬಣ್ಣ, ಹೊಸ ಓಲೆ ಬೇಕೇ ಬೇಕು. ಆದರೆ ಊರಿನಲ್ಲಿದ್ದಾಗ ಬಳೆ ಅಂಗಡಿಯವರು ನಮ್ಮ ಅಜ್ಜಿಯ ಕಾಲದಿಂದ ಪರಿಚಯದವರು. ಏನಾದರೂ ಆದರೆ ಮರುದಿನ ಹೋಗಿ ಕೇಳಬಹುದಿತ್ತು. ಈ ದೊಡ್ಡ ಊರುಗಳಲ್ಲಿ ಅಂಗಡಿಯವರ ಭಾಷೆ ಬೇರೆ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಗಾಡಿ ಇರುತ್ತದೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಡಬ್ಬಿಯ ಮೇಲೆ ಏನು ಅಚ್ಚಾಗಿದೆಯೋ ಅದೇ ನಮಗಿರುವ ಆಧಾರ.

*ನಮ್ಮ ಮೈಬಣ್ಣಕ್ಕೂ ಈಗ ಡಬ್ಬಿ ಸಿಗುತ್ತದೆ*

ಹಿಂದೆ ಫೌಂಡೇಶನ್ ಎಂದರೆ ಮೂರು ನಾಲ್ಕು ಬಣ್ಣ, ಎಲ್ಲವೂ ನಮಗಿಂತ ಬಿಳಿ. ಹಚ್ಚಿಕೊಂಡರೆ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು. ಮದುವೆ ಆಲ್ಬಮ್ಮುಗಳನ್ನು ತೆಗೆದು ನೋಡಿದರೆ ಗೊತ್ತಾಗುತ್ತದೆ. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ ಒಟ್ಟಿಗೇ 40 ಬಣ್ಣಗಳ ಫೌಂಡೇಶನ್ ಬಿಡುಗಡೆ ಮಾಡಿತು. ಆಮೇಲೆ ಬೇರೆ ಕಂಪನಿಗಳೂ ಗೋಧಿ ಬಣ್ಣ, ಎಣ್ಣೆಗಪ್ಪು, ಕಡುಕಂದು ಎಂದು ಬಣ್ಣಗಳ ಸಾಲನ್ನು ಉದ್ದ ಮಾಡಿದವು. ಇದು ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದೇ. ತನ್ನ ಬಣ್ಣಕ್ಕೆ ಹೊಂದುವುದು ಸಿಕ್ಕಾಗ ಬಣ್ಣವನ್ನೇ ಬದಲಿಸುವ ಕ್ರೀಮಿನ ಹಿಂದೆ ಹೋಗಬೇಕಾಗಿಲ್ಲ. ಕೊಳ್ಳುವಾಗ ಕೈಯ ಹಿಂಬದಿಗೆ ಹಚ್ಚಿ ನೋಡಬೇಡಿ. ದವಡೆಯ ಅಂಚಿಗೆ ಸ್ವಲ್ಪ ಹಚ್ಚಿ, ಅಂಗಡಿಯಿಂದ ಹೊರಗೆ ಬಂದು ಬಿಸಿಲ ಬೆಳಕಿನಲ್ಲಿ ನೋಡಿ. ಅಂಗಡಿಯಲ್ಲಿಟ್ಟ ಟೆಸ್ಟರ್ ಲಿಪ್‌ಸ್ಟಿಕ್ಕನ್ನು ಮಾತ್ರ ನೇರವಾಗಿ ತುಟಿಗೆ ತಾಗಿಸಬೇಡಿ. ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಹಾಗೆ ಬರಬಹುದು.

*ವಿಳಾಸವಿಲ್ಲದ ಬಿಳಿ ಕ್ರೀಮ್*

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಕಿಡ್ನಿ ತಜ್ಞರು ಒಂದು ವಿಚಿತ್ರ ಗಮನಿಸಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ 22 ಮಂದಿ ಅವರ ಬಳಿ ಬಂದಿದ್ದರು. ಕಿಡ್ನಿಯ ಸೋಸುವ ಜಾಲರಿ ಹಾಳಾಗಿ, ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಅದು. ಅವರಲ್ಲಿ 15 ಮಂದಿಯಲ್ಲಿ ನೆಲ್-1 ಎಂಬ ಅಪರೂಪದ ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಒಬ್ಬರಿಗೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಕಾರಣ ಪಾದರಸ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಪಾದರಸ ತಡೆಯುತ್ತದೆ. ಹಾಗಾಗಿ ಕೆಲವೇ ವಾರಗಳಲ್ಲಿ ಮುಖ ತಿಳಿಯಾಗಿ ಕಾಣುತ್ತದೆ, ಪಕ್ಕದ ಮನೆಯವರು ಕೇಳುತ್ತಾರೆ, ಅವರೂ ಒಂದು ಡಬ್ಬಿ ತರಿಸುತ್ತಾರೆ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಇಳಿದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ಹಚ್ಚಿಕೊಂಡವರ ಟವೆಲು, ತಲೆದಿಂಬು, ಕೆನ್ನೆಗೆ ಕೆನ್ನೆ ತಾಗಿಸುವ ಮಗು, ಎಲ್ಲರಿಗೂ ಅದರ ಪಾಲು ಹೋಗುತ್ತದೆ. ಕ್ರೀಮ್ ಬಿಟ್ಟರೆ ಹಳೆಯ ಬಣ್ಣ ಮರಳುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಹಚ್ಚುವವರೇ ಹೆಚ್ಚು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಸೇರಿಸುವಂತಿಲ್ಲ. ತಾನಾಗಿ ಸೇರಿದ ಅಂಶವೂ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗವನ್ನು ಮೀರಬಾರದು. ತೊಂದರೆ ಇರುವುದು ನಿಯಮದ ಹೊರಗೆ ಓಡಾಡುವ ಡಬ್ಬಿಗಳಲ್ಲಿ. ಯಾರೋ ಹೊರದೇಶದಿಂದ ಬ್ಯಾಗಿನಲ್ಲಿ ತಂದದ್ದು, ಪಾರ್ಲರಿನವರು ದೊಡ್ಡ ಡಬ್ಬದಿಂದ ಚಿಕ್ಕದಕ್ಕೆ ತುಂಬಿಕೊಟ್ಟದ್ದು, ಆನ್‌ಲೈನಿನಲ್ಲಿ ಬರೀ ಫೋಟೋ ನೋಡಿ ತರಿಸಿದ್ದು.

ಗುರುತು ಹಿಡಿಯುವುದು ಹೇಗೆ? ಅಂಶಗಳ ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೋಮೆಲ್ ಎಂದಿದ್ದರೆ ಅಲ್ಲೇ ಬಿಡಿ. ಬೆಳ್ಳಿ, ಚಿನ್ನ, ಅಲ್ಯುಮಿನಿಯಂ, ರಬ್ಬರಿಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಬರೆದಿದ್ದರೂ ಅನುಮಾನ ಪಡಿ, ಪಾದರಸ ಲೋಹಕ್ಕೆ ಅಂಟುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಇನ್ನೂ ಕೆಟ್ಟದು. ವಾರದಲ್ಲಿ ಬೆಳ್ಳಗೆ ಮಾಡುತ್ತೇನೆ ಎನ್ನುವ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಬೇಡಿ.

ಈಗಾಗಲೇ ಇಂಥದ್ದನ್ನು ಹಚ್ಚುತ್ತಿದ್ದರೆ ಇಂದೇ ನಿಲ್ಲಿಸಿ. ಬೆಳಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಸಂಜೆ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುವುದು, ಮೂತ್ರದಲ್ಲಿ ನೊರೆ ನಿಲ್ಲುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ಸಣ್ಣ ಲ್ಯಾಬಿನಲ್ಲೂ ಆಗುವ ಪರೀಕ್ಷೆ. ಹೋಗುವಾಗ ಆ ಡಬ್ಬಿಯನ್ನೂ ಕೊಂಡೊಯ್ಯಿರಿ. ವೈದ್ಯರು ಕ್ರೀಮಿನ ಬಗ್ಗೆ ಕೇಳದಿದ್ದರೆ ನೀವೇ ಹೇಳಿ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬೇಗ ನಿಲ್ಲಿಸಿದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

*ಮೆಡಿಕಲ್ ಶಾಪಿನ ಟ್ಯೂಬು ಮೇಕಪ್ ಅಲ್ಲ*

ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್. ಈ ಮೂರು ಹೆಸರು ನೆನಪಿಡಿ. ಇವು ಸ್ಟಿರಾಯ್ಡ್‌ಗಳು. ಚರ್ಮದ ಕಾಯಿಲೆಗೆ ವೈದ್ಯರು ಕೆಲವು ದಿನಕ್ಕೆಂದು ಕೊಡುವ ಈ ಟ್ಯೂಬನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಫೇಸ್ ಕ್ರೀಮಿನಂತೆ ಹಚ್ಚುತ್ತಾರೆ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ಮಾಡಿದೆ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ನಿಲ್ಲಿಸಿದರೆ ಮುಖ ಇನ್ನಷ್ಟು ಕೆರಳುತ್ತದೆ. ಆದ್ದರಿಂದ ಇದನ್ನು ಚರ್ಮತಜ್ಞರ ಸಲಹೆಯಂತೆ ಬಿಡಿಸಿಕೊಳ್ಳಬೇಕು.

*ಡಬ್ಬಿಯ ಹಿಂಬದಿ*

ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನೊಳಗೆ ಬಳಸಬೇಕು ಎಂಬ ದಿನಾಂಕ, ಒಳಗಿರುವ ಅಂಶಗಳ ಪಟ್ಟಿ. ಕೊರಿಯಾ, ಅಮೆರಿಕದ ಸರಕಾದರೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಹೆಸರಾಂತ ಬ್ರ್ಯಾಂಡಿನ ಲಿಪ್‌ಸ್ಟಿಕ್ ಕಾಲು ಬೆಲೆಗೆ ಸಿಕ್ಕಿ, ಇವೆಲ್ಲ ಕಾಣದಿದ್ದರೆ ಅದು ನಕಲಿ ಎಂದೇ ತಿಳಿಯಿರಿ. ಹರ್ಬಲ್, ನ್ಯಾಚುರಲ್ ಎಂದು ಮುಂಬದಿಯಲ್ಲಿ ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಈ ಸಾಲುಗಳ ಜಾಗ ತುಂಬುವುದಿಲ್ಲ.

ಇನ್ನೊಂದು ಚಿಕ್ಕ ಚಿತ್ರ ಇರುತ್ತದೆ: ಮುಚ್ಚಳ ತೆರೆದ ಡಬ್ಬಿ, ಅದರೊಳಗೆ 6 ಅಥವಾ 12ರ ಮುಂದೆ ‘ಎಂ’ ಅಕ್ಷರ. ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಬಳಸಬಹುದು ಎಂದರ್ಥ. ತೆರೆದ ದಿನವನ್ನು ಪೆನ್ನಿನಿಂದ ಡಬ್ಬಿಯ ಮೇಲೆ ಬರೆದಿಡಿ. ರೆಪ್ಪೆಗೆ ಹಚ್ಚುವ ಮಸ್ಕರಾವನ್ನು ಮೂರರಿಂದ ಆರು ತಿಂಗಳಲ್ಲಿ ಎಸೆಯುವುದೇ ವಾಸಿ. ಅರ್ಧ ಉಳಿದಿದೆ ಎಂದು ಮುಂದಿನ ದೀಪಾವಳಿಗೆ ಎತ್ತಿಡುವವರು ನಮ್ಮಲ್ಲಿ ಬಹಳ. ಅಕ್ಕತಂಗಿಯರು ಒಂದೇ ಕಾಡಿಗೆ ಕಡ್ಡಿ ಬಳಸಿದರೆ ಒಬ್ಬರ ಕೆಂಗಣ್ಣು ಇಬ್ಬರಿಗೂ ಬರುತ್ತದೆ.

*ಮುಖಕ್ಕೆ ಮೊದಲು ಮೊಣಕೈ*

ಹೊಸದನ್ನು ತಂದ ದಿನವೇ ಮದುವೆಗೆ ಹಚ್ಚಿಕೊಂಡು ಹೋಗಬೇಡಿ. ಮೊಣಕೈ ಮಡಚುವ ಒಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ. ಅಲರ್ಜಿ ಒಂದೇ ದಿನದಲ್ಲಿ ಕಾಣಿಸಿಕೊಳ್ಳಬೇಕೆಂದಿಲ್ಲ, ಅದಕ್ಕೇ ಇಷ್ಟು ದಿನ. ತುರಿಕೆ, ಕೆಂಪು, ಗುಳ್ಳೆ ಬಂದರೆ ತೊಳೆದುಬಿಡಿ, ಮುಖ ಉಳಿಯಿತು. ಒಂದು ಬಾರಿಗೆ ಒಂದೇ ಹೊಸ ವಸ್ತು ಪರೀಕ್ಷಿಸಿ, ಇಲ್ಲದಿದ್ದರೆ ಯಾವುದು ಆಗಿಬರಲಿಲ್ಲ ಎಂದು ತಿಳಿಯುವುದಿಲ್ಲ.

*ಟಿಕಳಿ, ಓಲೆ, ಕ್ಲಿಪ್ಪು*

ಹಣೆಯ ಸ್ಟಿಕರ್, ಉತ್ತರ ಕರ್ನಾಟಕದವರ ಟಿಕಳಿ, ದಿನವೂ ಒಂದೇ ಜಾಗದಲ್ಲಿ ಕೂರುತ್ತದೆ. ಕೆಲವು ಸ್ಟಿಕರುಗಳ ಅಂಟಿನಲ್ಲಿರುವ ಪ್ಯಾರಾ ಟರ್ಶಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣ ತಯಾರಿಸುವ ಕೋಶಗಳನ್ನೇ ಕೊಲ್ಲುತ್ತದೆ. ಆಗ ಹಣೆಯ ಮಧ್ಯೆ ಬಿಳಿ ಮಚ್ಚೆ ಬೀಳುತ್ತದೆ. ಮಚ್ಚೆ ಮುಚ್ಚಲು ಇನ್ನೂ ದೊಡ್ಡ ಸ್ಟಿಕರ್ ಹಚ್ಚುವುದು ನಾವು ಮಾಡುವ ಕೆಲಸ. ಅದನ್ನು ಮಾಡಬೇಡಿ. ತುರಿಕೆ ಶುರುವಾದಾಗಲೇ ಸ್ಟಿಕರ್ ಬಿಟ್ಟು ಚರ್ಮತಜ್ಞರಿಗೆ ತೋರಿಸಿ. ರಾತ್ರಿ ಮಲಗುವಾಗ ತೆಗೆದಿಟ್ಟು ಹಣೆ ತೊಳೆಯುವ ಅಭ್ಯಾಸ ಎಲ್ಲರಿಗೂ ಒಳ್ಳೆಯದು. ಮನೆಯಲ್ಲಿ ಯಾರಿಗಾದರೂ ತೊನ್ನು ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಇಮಿಟೇಶನ್ ಓಲೆ, ಸರ, ಕೂದಲ ಕ್ಲಿಪ್ಪು, ರೆಪ್ಪೆ ಬಾಗಿಸುವ ಕರ್ಲರ್, ಹುಬ್ಬಿನ ಚಿಮಟ ಇವುಗಳಲ್ಲಿ ನಿಕಲ್ ಇರುವುದು ಸಾಮಾನ್ಯ. ಬೆವರಿನಲ್ಲಿ ನಿಕಲ್ ಕರಗುತ್ತದೆ. ಮುಂಬೈ, ಚೆನ್ನೈಯ ಸೆಕೆಯಲ್ಲಿ ಊರಿಗಿಂತ ಬೇಗ ಕಿವಿಯಲ್ಲಿ ನೀರಾಡುವುದು ಅದಕ್ಕೇ. ಒಮ್ಮೆ ನಿಕಲ್ ಅಲರ್ಜಿ ಬಂದರೆ ಸಾಧಾರಣವಾಗಿ ಜೀವನಪೂರ್ತಿ ಇರುತ್ತದೆ. ಮಗುವಿಗೆ ಮೊದಲ ಸಲ ಕಿವಿ ಚುಚ್ಚಿಸುವಾಗ ಅಗ್ಗದ ಓಲೆ ಹಾಕಬೇಡಿ. ಚಿನ್ನ ಆಗದಿದ್ದರೆ ನಿಕಲ್ ಇಲ್ಲದ ಟೈಟಾನಿಯಂ ಓಲೆ ಕೇಳಿ.

ಫೌಂಡೇಶನ್ ಹಚ್ಚುವ ಸ್ಪಂಜಿನ ವಿಷಯ. 2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಜನ ಬಳಸುತ್ತಿದ್ದ ಮೇಕಪ್ ಸಾಮಾನು ತಂದು ಪರೀಕ್ಷಿಸಿದರು. ಸ್ಪಂಜುಗಳಲ್ಲಿ ನೂರಕ್ಕೆ 93 ಒಮ್ಮೆಯೂ ತೊಳೆದದ್ದಾಗಿರಲಿಲ್ಲ, ರೋಗಾಣು ತುಂಬಿತ್ತು. ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಗಾಳಿಗೆ ಪೂರ್ತಿ ಒಣಗಿಸಿ. ಒದ್ದೆ ಸ್ಪಂಜನ್ನು ಪರ್ಸಿನೊಳಗೆ ಮುಚ್ಚಿಡಬೇಡಿ.

*ಕಣ್ಣು*

ಬಣ್ಣದ ಲೆನ್ಸ್ ಈಗ ಮದುಮಗಳ ಸೆಟ್ಟಿನ ಜೊತೆಗೇ ಬರುತ್ತದೆ. ಅದು ಬಳೆಯಂಥ ಅಲಂಕಾರವಲ್ಲ. ಕಣ್ಣಿನ ವೈದ್ಯರಿಂದ ಅಳತೆ ಮಾಡಿಸದೆ ಹಾಕಬಾರದು, ಗೆಳತಿಯದು ಹಾಕಬಾರದು, ಹಾಕಿಕೊಂಡು ಮಲಗಬಾರದು. ನಲ್ಲಿ ನೀರಿನಲ್ಲಂತೂ ತೊಳೆಯಲೇಬಾರದು. ಆ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿ ಸೇರಿ ಕರಿಗುಡ್ಡೆಯ ಮೇಲಿನ ಪೊರೆ ತಿಂದರೆ ದೃಷ್ಟಿಯೇ ಹೋಗಬಹುದು. ಮೇಕಪ್ಪಿಗೆ ಮೊದಲು ಲೆನ್ಸ್ ಹಾಕಿ, ಮೇಕಪ್ ಒರೆಸುವ ಮೊದಲು ತೆಗೆಯಿರಿ. ಕಣ್ಣು ಕೆಂಪಾಗಿ ನೋವಿದ್ದರೆ ಲೆನ್ಸ್ ತೆಗೆದು ಅದೇ ದಿನ ವೈದ್ಯರಿಗೆ ತೋರಿಸಿ.

ಬಿಡಿಯಾಗಿ ಮಾರುವ ಸುರ್ಮಾದಲ್ಲಿ ಸೀಸ ಇರಬಹುದು. ಕೂಸುಗಳ ಕಣ್ಣಿಗೆ ಅದೂ ಬೇಡ, ಮನೆಯ ಕಾಡಿಗೆಯೂ ಬೇಡ. ದೃಷ್ಟಿಬೊಟ್ಟು ಇಡಲೇಬೇಕು ಎಂದು ಅತ್ತೆಯವರು ಹೇಳಿದರೆ ಅಂಗಾಲಿಗೆ ಇಡಿ, ಇಬ್ಬರಿಗೂ ಸಮಾಧಾನ.

ಕೊಂಡದ್ದು ನಕಲಿ ಎನಿಸಿದರೆ ಡಬ್ಬಿ, ಬಿಲ್ಲು ಎಸೆಯಬೇಡಿ, ಎರಡರ ಫೋಟೋ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ನೀವು ದೆಹಲಿಯಲ್ಲಿರಲಿ, ಪುಣೆಯಲ್ಲಿರಲಿ, ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.

ಮುಂದಿನ ಭಾಗ: ತಲೆಗೂದಲ ಡೈ ಮತ್ತು ಕಪ್ಪು ಮೆಹಂದಿ.