ಉಕ್ರೇನಿನ ಹೊಲದಲ್ಲಿ ಸೂಪರ್‌ಮ್ಯಾನ್

ಚಿತ್ರಕಥೆಯೆಂದರೆ ಮಕ್ಕಳ ಓದು, ಇತಿಹಾಸದ ವಿದ್ಯಾರ್ಥಿಗೆ ಅದರಲ್ಲಿ ಕೆಲಸವಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆನು. ಗೆಳೆಯನಿಂದ ಎರವಲು ತಂದ ‘ಸೂಪರ್‌ಮ್ಯಾನ್: ರೆಡ್ ಸನ್’ ಎಂಬ ಪುಸ್ತಕವು ಈ ನಂಬಿಕೆಯನ್ನು ಕೆಡಿಸಿತು.

ಸೂಪರ್‌ಮ್ಯಾನನ ಮೂಲಕಥೆ ಬಹುಮಂದಿ ಬಲ್ಲದ್ದೇ. ಜೆರ್ರಿ ಸೀಗೆಲ್, ಜೋ ಶಸ್ಟರ್ ಎಂಬ ತರುಣರಿಬ್ಬರು 1938ರಲ್ಲಿ ಅವನನ್ನು ಅಮೆರಿಕದ ಓದುಗರ ಮುಂದೆ ನಿಲ್ಲಿಸಿದರು. ನಾಶವಾಗುತ್ತಿದ್ದ ಗ್ರಹದಿಂದ ಬಂದ ಕೂಸು ಅವನು; ಮುಂದೆ ಬೆಳೆದ ಕಥೆಯಂತೆ, ಕಾನ್ಸಾಸಿನ ರೈತ ದಂಪತಿಗಳು ಸಾಕಿದರು. 2003ರಲ್ಲಿ ಮೂರು ಸಂಚಿಕೆಗಳಾಗಿ ಬಂದ ‘ರೆಡ್ ಸನ್’ನಲ್ಲಿ ಸ್ಕಾಟ್ಲೆಂಡಿನ ಲೇಖಕ ಮಾರ್ಕ್ ಮಿಲ್ಲರ್ ಮೊದಲಿಗೆ ಬದಲಿಸಿದುದು ಒಂದನ್ನೇ, ಕೂಸು ಬಿದ್ದ ನೆಲವನ್ನು. ಭೂಮಿಯು ಒಂದಷ್ಟು ತಿರುಗಿದ್ದಿತು. ಕೂಸು ಸೋವಿಯತ್ ಉಕ್ರೇನಿನ ಸಾಮೂಹಿಕ ಹೊಲದಲ್ಲಿ ಇಳಿಯಿತು. ಬಲ ಅದೇ, ಒಳ್ಳೆಯತನವೂ ಅದೇ. ಎದೆಯ ಮೇಲೆ ಮಾತ್ರ ಕುಡುಗೋಲು ಸುತ್ತಿಗೆ.

ಇಲ್ಲಿ ನನ್ನ ಮಾತೊಂದನ್ನು ಸೇರಿಸಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಅಕ್ಕ ಏಳನೆಯ ತರಗತಿಗೇ ನಿಂತಳು. ಆಗ ಪ್ರೌಢಶಾಲೆ ದೂರವಿತ್ತು, ಬಸ್ಸು ಇರಲಿಲ್ಲ. ನಾನು ಏಳನ್ನು ಮುಗಿಸುವ ಹೊತ್ತಿಗೆ ಬಸ್ಸು ಬಂದಿತ್ತು. ಆದುದರಿಂದ ಮಿಲ್ಲರನ ಕಲ್ಪನೆ ನನಗೆ ಬರಿಯ ಕಲ್ಪನೆಯಾಗಿ ತೋರಲಿಲ್ಲ.

ಕಥೆಯ ತಿರುಳು ರೊಟ್ಟಿಯ ಸಾಲಿನಲ್ಲಿದೆ. ಸ್ಟಾಲಿನ್ 1953ರ ಮಾರ್ಚ್ 5ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡುದು ಚರಿತ್ರೆ. ಕಥೆಯಲ್ಲಿ ಅವನಿಗೆ ವಿಷ ಬೀಳುತ್ತದೆ. ಅಧಿಕಾರ ತನಗೆ ಬೇಡವೆಂದ ಸೂಪರ್‌ಮ್ಯಾನ್, ಬಾಲ್ಯದ ಗೆಳತಿ ಲಾನಾ ಮಕ್ಕಳೊಡನೆ ಹಸಿದು ಸಾಲಿನಲ್ಲಿ ನಿಂತುದನ್ನು ಕಂಡು ಮನಸ್ಸು ಬದಲಿಸುತ್ತಾನೆ. ಉಕ್ರೇನಿನ ಚರಿತ್ರೆ ಬಲ್ಲವರಿಗೆ ಈ ಪುಟದ ಭಾರ ಹೆಚ್ಚು. ಅಲ್ಲಿ 1932-33ರಲ್ಲಿ ಸರಕಾರವು ರೈತರ ಧಾನ್ಯವನ್ನು ಕಿತ್ತುಕೊಂಡುದರಿಂದ ಲಕ್ಷಾಂತರ ಜನ ಹಸಿದು ಸತ್ತರು. ಕಥೆ ಹೇಳಿದಾಗ ಅಕ್ಕ ಕೇಳಿದ್ದು ಇಷ್ಟೇ: “ಆ ಹೆಂಗಸಿಗೆ ರೊಟ್ಟಿ ಸಿಕ್ಕಿತೇನೋ?”

ಸಿಕ್ಕಿತು. ಎಲ್ಲರಿಗೂ ಸಿಕ್ಕಿತು. ಒಂದೆರಡು ದೇಶಗಳನ್ನುಳಿದು ಜಗತ್ತೆಲ್ಲ ಅವನ ಆಳ್ವಿಕೆಗೆ ಬಂದಿತು. ಆದರೆ ಎದುರು ಮಾತಾಡಿದವರ ಮಿದುಳನ್ನು ತಿದ್ದಿ ವಿಧೇಯರನ್ನಾಗಿ ಮಾಡಲಾಯಿತು! ಮಾಡಿಸಿದವನು ದುಷ್ಟನಲ್ಲವೆಂಬುದೇ ಓದುಗನನ್ನು ಕಾಡುತ್ತದೆ. ನಿಜವಾದ ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ಒಡೆದುಹೋಯಿತಷ್ಟೆ.

ಕಡೆಯ ಪುಟಗಳ ಚಮತ್ಕಾರ ನನಗೆ ರುಚಿಸಲಿಲ್ಲ. ಅವನು ಪರಗ್ರಹದವನೇ ಅಲ್ಲ, ಬಹುದೂರದ ಭವಿಷ್ಯದ ಭೂಮಿಯಿಂದ ಹಿಂದಕ್ಕೆ ಕಳುಹಿಸಿದ ಕೂಸು ಎಂದು ಹೇಳಿ, ಅದನ್ನು ಮರಳಿ ಅದೇ ಹೊಲಕ್ಕೆ ಇಳಿಸುತ್ತಾರೆ. ಹಾಗಾದರೆ ಅದು ಅಲ್ಲಿಯೇ ಬೀಳಬೇಕಾಗಿತ್ತೆಂದಾಯಿತು. ಅಕ್ಕನಿಗೆ ಈ ಭಾಗವನ್ನು ನಾನು ಹೇಳಲಿಲ್ಲ.