ಕೈಯ ಕೆಲಸಕ್ಕೆ ಕಾಗದದ ಸಾಕ್ಷಿ

ಪಿ.ಜಿ. ಸೇರಿದ ಮೊದಲ ವಾರವೇ ನಿಮ್ಮದೇ ಆದ ಒಂದು ಲಾಗ್‌ಬುಕ್ ಶುರುಮಾಡಿ. ವಿಶ್ವವಿದ್ಯಾಲಯಕ್ಕೆಂದು ಬರೆಯುವ ಲಾಗ್‌ಬುಕ್ ಪರೀಕ್ಷೆ ಮುಗಿದ ಮೇಲೆ ಇಲಾಖೆಯ ಬೀರು ಸೇರುತ್ತದೆ. ನಾನು ಹೇಳುತ್ತಿರುವುದು ಹತ್ತು ವರ್ಷದ ಮೇಲೂ ನಿಮ್ಮ ಬಳಿ ಇರಬೇಕಾದ ಪುಸ್ತಕ: ಯಾವ ದಿನ, ಯಾವ ಬಗೆಯ ಕೇಸು, ಸ್ವತಃ ಮಾಡಿದಿರೋ ಸಹಾಯಕ್ಕೆ ನಿಂತಿರೋ, ಮೇಲ್ವಿಚಾರಣೆ ಯಾರದು. ರೋಗಿಯ ಹೆಸರು ಬೇಡ. ಮೂರು ತಿಂಗಳಿಗೊಮ್ಮೆ ಪ್ರಾಧ್ಯಾಪಕರ ಸಹಿ, ಇಲಾಖೆಯ ಮೊಹರು ಹಾಕಿಸಿಕೊಳ್ಳಿ. ಹೊರದೇಶದ ಯೋಚನೆ ಇವತ್ತು ಇಲ್ಲದಿದ್ದರೂ ಮಾಡಿ.

ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿ ಅರಿವಳಿಕೆ ತಜ್ಞನಾಗಿ ಬಹುಕಾಲ ದುಡಿದವನು ನಾನು. ನಮ್ಮ ಕಡೆಯಿಂದ ಬಂದ ಯುವ ವೈದ್ಯರ ಜೊತೆ ಕೂತು ಅವರ ಕಡತ ಜೋಡಿಸಿಕೊಟ್ಟಿದ್ದೇನೆ. ಎಡವಿದವರಲ್ಲಿ ಕೈಗುಣ ಕಡಿಮೆಯಿದ್ದವರು ನನಗೆ ಕಾಣಲಿಲ್ಲ. ಮಾಡಿದ ಕೆಲಸಕ್ಕೆ ಸಾಕ್ಷಿ ಇಲ್ಲದವರು ಬೇಕಾದಷ್ಟು ಮಂದಿ ಕಂಡರು. ಜಿಲ್ಲಾಸ್ಪತ್ರೆಯಲ್ಲಿ ರಾತ್ರಿಯಿಡೀ ಸಿಸೇರಿಯನ್‌ಗಳಿಗೆ ಒಬ್ಬರೇ ಅರಿವಳಿಕೆ ಕೊಟ್ಟವರು, ಆ ರಾತ್ರಿಗಳ ಒಂದು ಸಾಲೂ ತೋರಿಸಲಾಗದೆ ಕೂತಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಆಸ್ಟ್ರೇಲಿಯಾದ ದಾರಿ ಹೀಗಿದೆ. ನಿಮ್ಮ ಪದವಿಗಳ ಪರಿಶೀಲನೆ ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್ ಮೂಲಕ ಆಗುತ್ತದೆ. ಅವರು ನೆಚ್ಚುವುದು ಅಮೆರಿಕದ ಇ.ಸಿ.ಎಫ್.ಎಂ.ಜಿ. ನಡೆಸುವ ಎಪಿಕ್ ಎಂಬ ವ್ಯವಸ್ಥೆಯನ್ನು. ಅದು ಪದವಿ ಕೊಟ್ಟವರನ್ನೇ ನೇರವಾಗಿ ವಿಚಾರಿಸುತ್ತದೆ. ಆಮೇಲೆ ಅರ್ಜಿ ನಿಮ್ಮ ವಿಭಾಗದ ಕಾಲೇಜಿಗೆ ಹೋಗುತ್ತದೆ. ಅಲ್ಲಿ ಕಾಲೇಜು ಎಂದರೆ ಪಾಠ ಹೇಳುವ ಕಟ್ಟಡವಲ್ಲ, ತಜ್ಞರ ಸಂಘ: ಶಸ್ತ್ರಚಿಕಿತ್ಸಕರಿಗೆ ಒಂದು, ಅರಿವಳಿಕೆಯವರಿಗೆ ಒಂದು, ಮನೋವೈದ್ಯರಿಗೆ ಒಂದು. ಅವರು ನಿಮ್ಮನ್ನು ಆಗಷ್ಟೇ ತರಬೇತಿ ಮುಗಿಸಿದ ಅಲ್ಲಿನ ತಜ್ಞರ ಪಕ್ಕದಲ್ಲಿಟ್ಟು ನೋಡುತ್ತಾರೆ, ಸಂದರ್ಶನ ಮಾಡುತ್ತಾರೆ. ಬಹುಮಟ್ಟಿಗೆ ಸಮಾನ ಎಂದರೆ ಹನ್ನೆರಡು ತಿಂಗಳವರೆಗೆ ಹಿರಿಯರ ಕಣ್ಣಳತೆಯಲ್ಲಿ ಕೆಲಸ. ಭಾಗಶಃ ಸಮಾನ ಎಂದರೆ ಇಪ್ಪತ್ನಾಲ್ಕು ತಿಂಗಳವರೆಗೆ, ಜೊತೆಗೆ ಪರೀಕ್ಷೆಯೂ ಇರಬಹುದು. ಸಮಾನವಲ್ಲ ಎಂದರೆ ಆ ದಾರಿ ಅಲ್ಲಿಗೆ ಮುಗಿಯಿತು.

ನಮ್ಮ ಎಂ.ಡಿ. ಮೂರು ವರ್ಷ. ಅಲ್ಲಿನ ಅರಿವಳಿಕೆ ತರಬೇತಿ ಐದು ವರ್ಷ. ಈ ಅಂತರವನ್ನು ತುಂಬಬೇಕಾದದ್ದು ಎಂ.ಡಿ. ನಂತರ ಸೀನಿಯರ್ ರೆಸಿಡೆಂಟ್ ಆಗಿ, ಕನ್ಸಲ್ಟೆಂಟ್ ಆಗಿ ನೀವು ಮಾಡಿದ ಕೆಲಸ. ಅದಕ್ಕೇ ಪದವಿ ಬಂದ ಮರುದಿನವೇ ವಿಮಾನ ಹತ್ತುವ ಆತುರ ಬೇಡ. ಇಲ್ಲಿ ಎರಡು ಮೂರು ವರ್ಷ ಗಟ್ಟಿಯಾಗಿ ದುಡಿಯಿರಿ. ಆಸ್ಪತ್ರೆ ಬಿಡುವಾಗ ಬರೀ ಅನುಭವ ಪತ್ರಕ್ಕೆ ತೃಪ್ತರಾಗದೆ, ಹುದ್ದೆ, ತಾರೀಖು, ಹೊಣೆ, ಕೇಸುಗಳ ಸ್ವರೂಪ ಎಲ್ಲ ಬರೆದ ಪತ್ರ ಕೇಳಿ ಪಡೆಯಿರಿ.

ಹೆಸರಿನ ವಿಷಯ ಈಗಲೇ ಸರಿಮಾಡಿಕೊಳ್ಳಿ. ನಮ್ಮವರಿಗೆ ಇದು ಕಾಡುವಷ್ಟು ಬೇರೆಯವರಿಗೆ ಕಾಡದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಂಜುನಾಥ ಎಚ್.ಎಸ್., ಪದವಿ ಪತ್ರದಲ್ಲಿ ಎಚ್.ಎಸ್. ಮಂಜುನಾಥ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಬಿಡಿಸಿ ಮನೆತನದ ಹೆಸರಿನ ಜಾಗದಲ್ಲಿ. ನಮಗೆ ಮೂರೂ ಒಬ್ಬನೇ ಮನುಷ್ಯ. ಹೊರಗಿನ ಗುಮಾಸ್ತರಿಗೆ ಮೂವರು. ಹೆಣ್ಣುಮಕ್ಕಳಿಗೆ ಮದುವೆಯ ನಂತರ ನಾಲ್ಕನೆಯದೂ ಸೇರಿಕೊಳ್ಳುತ್ತದೆ. ಎಂ.ಬಿ.ಬಿ.ಎಸ್. ನೋಂದಣಿಯ ಹೊತ್ತಿಗೇ ಎಲ್ಲ ದಾಖಲೆಯೂ ಪಾಸ್‌ಪೋರ್ಟಿಗೆ ಹೊಂದುವಂತೆ ನೋಡಿಕೊಳ್ಳಿ. ಪದವಿ ಕೊಡುವುದು ವಿಶ್ವವಿದ್ಯಾಲಯವೇ ಹೊರತು ನೀವು ಓದಿದ ಕಾಲೇಜಲ್ಲ ಎಂಬುದೂ ನೆನಪಿರಲಿ. ಎಂ.ಬಿ.ಬಿ.ಎಸ್. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ಮುಂದಿನದು ಡಿ.ಎನ್.ಬಿ. ಆಗಿದ್ದರೆ ದೆಹಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿಯದು. ಎರಡೂ ಕಡೆಯಿಂದ ಬೇಕಾದ ಪ್ರತಿಗಳನ್ನು ಊರಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ.

ಇಷ್ಟೊಂದು ಅನುಮಾನ ಯಾಕೆ ಎಂದು ನೀವು ಸಿಡಿಮಿಡಿಗೊಳ್ಳಬಹುದು. ಅದಕ್ಕೊಂದು ಹಿನ್ನೆಲೆ ಇದೆ. 2003ರಿಂದ 2005ರವರೆಗೆ ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಭಾರತ ಮೂಲದ ಜಯಂತ್ ಪಟೇಲ್, ಅಮೆರಿಕದಲ್ಲಿ ತಮ್ಮ ಮೇಲೆ ಆದ ಶಿಸ್ತುಕ್ರಮವನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದರು. ನೋಂದಣಿ ಕೊಟ್ಟವರೂ ಮೂಲದಲ್ಲಿ ವಿಚಾರಿಸಲಿಲ್ಲ. ನರಹತ್ಯೆಯ ಶಿಕ್ಷೆಯನ್ನು 2012ರಲ್ಲಿ ಅಲ್ಲಿನ ಹೈಕೋರ್ಟು ರದ್ದುಮಾಡಿತು, ಆದರೆ 2013ರಲ್ಲಿ ವಂಚನೆಯ ಆರೋಪಗಳನ್ನು ಅವರೇ ಒಪ್ಪಿಕೊಂಡರು. ಆ ನೆರಳು ನಮ್ಮೆಲ್ಲರ ಮೇಲೂ ಬಿತ್ತು. ಅದಕ್ಕೇ ಹೇಳುತ್ತೇನೆ, ಕೆಲಸದಲ್ಲಿ ಖಾಲಿ ಬಿಟ್ಟ ತಿಂಗಳಿರಲಿ, ಪರೀಕ್ಷೆಯಲ್ಲಿ ನಪಾಸಾದದ್ದಿರಲಿ, ವಿಚಾರಣೆ ಎದುರಿಸಿದ್ದಿರಲಿ, ಕೇಳಿದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬರೆದುಕೊಂಡ ದೋಷಕ್ಕೆ ವಿವರಣೆ ಕೊಡಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಯಾರೂ ಕಾಪಾಡಲಾರರು.

ಪರೀಕ್ಷೆ ಬೇರೆ, ತರಬೇತಿ ಬೇರೆ. ಎಂ.ಆರ್.ಸಿ.ಪಿ. ಪಾಸಾದರೆ ಬ್ರಿಟನ್ನಿನಲ್ಲಿ ತಜ್ಞರಾದಂತೆ ಎಂಬ ನಂಬಿಕೆ ನಮ್ಮ ಹಾಸ್ಟೆಲುಗಳಲ್ಲಿ ಬಲವಾಗಿದೆ. ಹಾಗಲ್ಲ. ಎನ್.ಎಚ್.ಎಸ್.ನಲ್ಲಿ ಕಾಯಂ ಕನ್ಸಲ್ಟೆಂಟ್ ಆಗಲು ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಯಲ್ಲಿ ಹೆಸರಿರಬೇಕು. ಅದಕ್ಕೆ ಅಲ್ಲಿನ ತರಬೇತಿ ಪೂರ್ತಿ ಮಾಡಬೇಕು, ಇಲ್ಲವೇ ಪೋರ್ಟ್‌ಫೋಲಿಯೋ ದಾರಿಯಲ್ಲಿ ಸಾಕ್ಷಿಗಳ ದೊಡ್ಡ ಕಡತ ಸಲ್ಲಿಸಬೇಕು. ಆಸ್ಟ್ರೇಲಿಯಾ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಚುರುಕು ಮಾರ್ಗವೂ ಪಟ್ಟಿಯಲ್ಲಿರುವ ಅರ್ಹತೆಗಳಿಗೆ ಮಾತ್ರ. ಮೊದಲು ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡುಗಳಲ್ಲಿ ತರಬೇತಾದ ಕುಟುಂಬ ವೈದ್ಯರಿಗೆ. ನಮ್ಮ ಎಂ.ಡಿ. ಒಂದೇ ಇದ್ದವರಿಗೆ ಕಾಲೇಜಿನ ದಾರಿಯೇ ದಾರಿ. ಅಮೆರಿಕದ ಮಾತು ಚಿಕ್ಕದು: ಅಲ್ಲಿ ಬಹುತೇಕರು ರೆಸಿಡೆನ್ಸಿಯನ್ನು ಹೊಸದಾಗಿ ಮಾಡಲೇಬೇಕು. ವಯಸ್ಸು, ಸಾಲ, ಮನೆಯ ಹೊಣೆ ನೋಡಿಕೊಂಡು ತೀರ್ಮಾನಿಸಿ.

ಗಂಡನ ವೀಸಾದಲ್ಲಿ ಹೊರಟು ನಿಂತ ಹೆಣ್ಣುಮಕ್ಕಳೇ, ನಿಮಗೆ ಒತ್ತಿ ಹೇಳುತ್ತೇನೆ. ಮನೆ ಹೊಂದಿಸಿಕೊಂಡು, ಮಗು ಸ್ವಲ್ಪ ದೊಡ್ಡದಾದ ಮೇಲೆ ನೋಡೋಣ ಎಂದುಕೊಂಡ ಒಳ್ಳೊಳ್ಳೆಯ ವೈದ್ಯೆಯರು ಕೆಲಸದಿಂದ ಶಾಶ್ವತವಾಗಿ ದೂರವಾದದ್ದನ್ನು ನೋಡಿದ್ದೇನೆ. ಇತ್ತೀಚೆಗೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಎಲ್ಲ ದೇಶದಲ್ಲೂ ಬರುತ್ತದೆ. ಆಸ್ಟ್ರೇಲಿಯಾದ ಮೆಡಿಕಲ್ ಬೋರ್ಡ್ ಕೇಳುವ ಕನಿಷ್ಠ ಮಟ್ಟ ವರ್ಷದಲ್ಲಿ ನಾಲ್ಕು ವಾರದ ಪೂರ್ಣಾವಧಿ ಕೆಲಸ, ಅಥವಾ ಮೂರು ವರ್ಷದಲ್ಲಿ ಹನ್ನೆರಡು ವಾರ. ಊರಿಗೆ ಬಂದಾಗ ಹಳೆಯ ಆಸ್ಪತ್ರೆಯಲ್ಲಿ ಕೆಲವು ವಾರ ದುಡಿದು ದಾಖಲೆ ಪಡೆದರೂ ಅದು ಲೆಕ್ಕಕ್ಕೆ ಬರಬಹುದು. ಕಡತವನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಯಾರಿಸಿ. ಯಾರ ಅರ್ಜಿ ಮೊದಲು ಹೋಗಬೇಕೆಂಬುದನ್ನು ಮನೆಯ ಹಿರಿಯರಿಗೆ ಬಿಡಬೇಡಿ.

ಭಾಗಶಃ ಸಮಾನ ಎಂಬ ಪತ್ರ ಬಂದ ದಿನ ನೋವಾಗುತ್ತದೆ. ಇಲ್ಲಿ ಯೂನಿಟ್ ನಡೆಸಿದವರು ಅಲ್ಲಿ ಮತ್ತೆ ಮೇಲ್ವಿಚಾರಣೆಗೆ ಒಳಪಡುವುದು ಸುಲಭವಲ್ಲ. ಆದರೆ ಆ ಪತ್ರ ಬಂದಿರುವುದು ನಿಮ್ಮ ದಾಖಲೆಗಳನ್ನು ಓದಿದವರಿಂದ. ಅವರು ನಿಮ್ಮ ಕೆಲಸ ನೋಡಿಲ್ಲ. ಕಾರಣಗಳನ್ನು ಸಾಲುಸಾಲಾಗಿ ಓದಿ. ತಪ್ಪು ಲೆಕ್ಕ ಕಂಡರೆ ಮರುಪರಿಶೀಲನೆ ಕೇಳಿ, ಮೇಲ್ಮನವಿಗೂ ಅವಕಾಶವಿದೆ. ಪತ್ರ ಬಂದರೆ ಸಾಲದು, ಮೇಲ್ವಿಚಾರಣೆಗೆ ಒಪ್ಪುವ ಹುದ್ದೆಯೂ ಸಿಗಬೇಕು. ಅದು ಹೆಚ್ಚಾಗಿ ಸಿಗುವುದು ಸಿಡ್ನಿ, ಮೆಲ್ಬರ್ನ್ ಬಿಟ್ಟ ಊರುಗಳಲ್ಲಿ. ನಂತರವೂ ಆರೋಗ್ಯ ವಿಮಾ ಕಾಯ್ದೆಯ 19ಎಬಿ ಕಲಮಿನ ಪ್ರಕಾರ, ಮೆಡಿಕೇರ್ ಹಣ ಬರುವ ಖಾಸಗಿ ವೃತ್ತಿಗೆ ಹೊರಗೆ ಕಲಿತವರು ಸಾಮಾನ್ಯವಾಗಿ ಹತ್ತು ವರ್ಷ ವೈದ್ಯರ ಕೊರತೆಯಿರುವ ಕಡೆ ಇರಬೇಕು. ಮಕ್ಕಳ ಶಾಲೆ, ಸಂಗಾತಿಯ ಕೆಲಸ ಎಲ್ಲವನ್ನೂ ಇದರ ಮೇಲೆಯೇ ಲೆಕ್ಕಹಾಕಿ. ನಾನು ಅಂಥ ಊರಲ್ಲೇ ಉಳಿದೆ, ಅಲ್ಲಿನ ರೋಗಿಗಳು ನನ್ನನ್ನು ತಮ್ಮವನೆಂದೇ ನೋಡಿಕೊಂಡರು.

ಇಷ್ಟೆಲ್ಲ ಓಡಾಟದ ನಡುವೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ನಿಮ್ಮ ನೋಂದಣಿಯನ್ನು ಸಾಯಲು ಬಿಡಬೇಡಿ. ಹೊರಗಿನವರು ಕೇಳುವ ಗುಡ್ ಸ್ಟ್ಯಾಂಡಿಂಗ್ ಪತ್ರಕ್ಕೂ ಅದು ಬೇಕು, ತಂದೆ ತಾಯಿಗೆ ವಯಸ್ಸಾಗಿ ವಾಪಸು ಬರಬೇಕಾದ ದಿನವೂ ಅದೇ ಬೇಕು.